ಡ್ರಾಯಿಂಗ್ ಮೇಷ್ಟ್ರು ಬರೆದ ಇಬ್ಬರು

ಎಂಟನೇ ತರಗತಿಯ ಗೋಡೆಗೆ ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ಮೆತ್ತಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಪಾಠ ಶುರು ಮಾಡಿದ್ದರು. ಬಾವಿಯ ಪಕ್ಕ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಓರೆನೋಟ ಬೀರುತ್ತಾ ನಿಂತ ಹೆಂಗಸಿನ ಚಿತ್ರ. ಪಕ್ಕದ ಕೋಣೆಯಲ್ಲಿ ಪ್ರಬಂಧ ತಿದ್ದುತ್ತಾ ಕೂತಿದ್ದ ನನಗೆ ಅವರ ದನಿ ಕೇಳಿಸುತ್ತಿತ್ತು.

"ಈಯಮ್ಮ ಏನು ಯೋಚನೆ ಮಾಡ್ತಾ ನಿಂತಿದ್ದಾಳೆ, ಹೇಳಿ."

ಹುಡುಗರ ಬೆಂಚಿನಿಂದ ಒಬ್ಬ, "ಯಾರ್ನೋ ಕಾಯ್ತಾವ್ಳೆ ಸಾ" ಅಂದ. ಎಲ್ಲರೂ ನಕ್ಕರು. ಹುಡುಗಿಯರ ಕಡೆಯಿಂದ ಸದ್ದಿಲ್ಲ. ಮೇಷ್ಟ್ರು ಸುಮ್ಮನೆ ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಕೊನೆಗೆ ಆತಗೂರಿನ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಆ ಬಿಂದ್ಗೇಲಿ ನೀರೇ ಇಲ್ಲ ಸಾ."

"ಅದು ಹೆಂಗೆ ಗೊತ್ತಾಯ್ತವ್ವ ನಿಂಗೆ?"

"ತುಂಬಿದ್ರೆ ಸೊಂಟ ಈ ಕಡೀಕೆ ಬರ್ಬೇಕು. ಅಂಗೆ ನೆಟ್ಟಗೆ ನಿಂತ್ಕಂಡು ನಗಕ್ಕಾಯ್ತದಾ?"

ಮೇಷ್ಟ್ರು ಬಿಸಿಯೂಟದ ಅಡುಗೆಮನೆಯಿಂದ ಬಿಂದಿಗೆ ತರಿಸಿ, ನೀರು ತುಂಬಿಸಿ, ಅವಳ ಸೊಂಟಕ್ಕೆ ಇಡಿಸಿದರು. ಅವಳು ನಿಂತ ರೀತಿಯನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದರು. ಭುಜ ಒಂದು ಕಡೆ ಇಳಿದಿತ್ತು, ಇನ್ನೊಂದು ಕೈ ಗಾಳಿಯಲ್ಲಿ ದೂರ ಚಾಚಿತ್ತು. "ಆ ಕ್ಯಾಲೆಂಡರ್ ಬರೆದೋನು ಒಂದಿನಾನೂ ನೀರು ಹೊತ್ತಿಲ್ಲ. ನಾನೂ ಹೊತ್ತಿಲ್ಲ. ಇಷ್ಟು ವರ್ಷದಿಂದ ಈ ಚಿತ್ರ ತೋರಿಸ್ತಾ ಇದೀನಿ, ನಂಗೂ ಕಂಡಿರ್ಲಿಲ್ಲ" ಎಂದು ಮಕ್ಕಳೆದುರೇ ಒಪ್ಪಿಕೊಂಡರು. ಮೇಷ್ಟ್ರಾದವರು ಹಾಗೆ ಒಪ್ಪಿಕೊಳ್ಳುವುದನ್ನು ನಾನು ಅದೇ ಮೊದಲು ಕೇಳಿದ್ದು.

ಅವರು ತೀರಿಕೊಂಡು ಈಗ ಒಂದು ತಿಂಗಳಾಗುತ್ತಾ ಬಂತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಸರ್ಕಾರಿ ಹೈಸ್ಕೂಲು. ನಾನು ಕನ್ನಡ ಟೀಚರು. ಅವರೊಂದಿಗೆ ಹದಿನಾಲ್ಕು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವಳು. ಬಡಕಲು ಮೈಯ ಅವರು ಸದಾ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಡುತ್ತಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ನೀಲಿಯೋ ಕಾವಿಯೋ ಉಳಿದಿರುತ್ತಿತ್ತು. ಮಾತಾಡುವಾಗ ಎದುರಿಗಿದ್ದವರ ಮುಖಕ್ಕಿಂತ ಕೈಗಳನ್ನು ಹೆಚ್ಚು ನೋಡುತ್ತಿದ್ದರು. ಮದ್ದೂರಿನಲ್ಲಿ ಬಾಡಿಗೆಗೆ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು. ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ.

ಆ ವಿಷಯ ಸ್ಟಾಫ್ ರೂಮಿಗೆ ಮುಗಿಯದ ಮೋಜು. "ಮೇಷ್ಟ್ರೇ, ನಿಮ್ಮ ಮದ್ವೆ ಊಟ ಯಾವಾಗ? ನಮ್ಮ ಹಲ್ಲೆಲ್ಲ ಉದುರಿದ ಮೇಲಾ?" ಎಂದು ಪಿ.ಟಿ. ಮೇಷ್ಟ್ರು ಕೆಣಕುತ್ತಿದ್ದರು. "ಮುದ್ದೆ ಹಾಕಿಸ್ತೀನಿ ಬಿಡಿ, ನುಂಗೋಕೆ ಹಲ್ಲು ಯಾಕೆ?" ಎಂದು ಇವರು ನಗುತ್ತಲೇ ಉತ್ತರ ಕೊಡುತ್ತಿದ್ದರು. ಇವರು ಕ್ಲಾಸಿಗೆ ಹೋದ ಮೇಲೆ ಪಿ.ಟಿ. ಮೇಷ್ಟ್ರು ಇವರ ನಡಿಗೆಯನ್ನು, ಇವರು ಕೈಯಾಡಿಸುವುದನ್ನು ಮಾಡಿ ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅದನ್ನು ಇಲ್ಲಿ ಬರೆಯದೆ ಮುಂದೆ ಹೋದರೆ ತಪ್ಪಾಗುತ್ತದೆ.

ನಮ್ಮ ಪರಿಚಯ ಸ್ನೇಹವಾದದ್ದು ಅಂಗನವಾಡಿಯ ಗೋಡೆಯಿಂದ. ಶಾಲೆಯ ಪಕ್ಕದ ಅಂಗನವಾಡಿಗೆ ತಾಯಿ ಮಗುವಿನ ಚಿತ್ರ ಬರೆದುಕೊಡಿ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಮೇಷ್ಟ್ರು ನಾಲ್ಕು ಶನಿವಾರ ಕೂತು ಬರೆದರು. ಹೆಂಗಸೊಬ್ಬಳು ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದಾಳೆ. ಹಿಂದೆ ತೊಲೆಗೆ ಕಟ್ಟಿದ ಸೀರೆಯ ಜೋಲಿ. ಎಲ್ಲರೂ ನೋಡಿ ಚೆನ್ನಾಗಿದೆ ಅಂದರು. ನಾನೂ ಹೋಗಿ ನೋಡಿದೆ. 

"ಮಕ್ಕಳು ಬರೋ ಜಾಗ ಮೇಷ್ಟ್ರೇ. ಖಾಲಿ ಜೋಲಿ ಯಾಕೆ ಬರೆದ್ರಿ?"

ಅವರು ಅಚ್ಚರಿಯಿಂದ ನನ್ನತ್ತ ತಿರುಗಿದರು. "ಖಾಲಿ ಇಲ್ಲ ಮೇಡಂ" ಎಂದು ಬೆರಳಿಟ್ಟು ತೋರಿಸಿದರು. ಸೀರೆಯ ಮಡಿಕೆಯಿಂದ ಒಂದು ಪುಟ್ಟ ಹಿಮ್ಮಡಿ ಹೊರಗೆ ಇಣುಕುತ್ತಿತ್ತು. ಅಂಗನವಾಡಿಯ ಮೂರು ವರ್ಷದ ಮಕ್ಕಳಿಗೂ ಕಾಣುವಷ್ಟು ಎದ್ದು ಕಾಣುವ ಹಿಮ್ಮಡಿ. ನನಗೆ ಕಂಡಿರಲಿಲ್ಲ.

ಈ ಶಾಲೆಗೆ ಬರುವ ಮುಂಚೆ ನನಗೊಂದು ಮಗು ಹುಟ್ಟಿ, ಅಳದೆಯೇ ಹೋಗಿತ್ತು. ತಿಂಗಳು ತುಂಬಿದ ಮಗು. ಆ ಮೇಲೆ ಮಕ್ಕಳಾಗಲಿಲ್ಲ. ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ, ತಲೆನೋವೆಂದು ಬಂದುಬಿಟ್ಟೆ. ಮರುದಿನ ಅವರು ನನ್ನ ಮೇಜಿನ ಮುಂದೆ ನಿಂತು ಮೆಲ್ಲಗೆ, "ನೆನ್ನೆ ನಾನು ಬೆರಳಿಟ್ಟು ತೋರಿಸಬಾರದಿತ್ತು" ಅಂದರು. ಏನು ಎತ್ತ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಇರಬೇಕು, ಅವರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನೀವು ನೋಡಿದ್ದೂ ಆ ಗೋಡೆ ಮೇಲೆ ಇದೆ ಮೇಡಂ. ನಾನು ಬರೆದಿಲ್ಲ ಅಷ್ಟೆ" ಅಂದರು.

ಆಮೇಲೆ ಅವರು ಹೊಸದೇನೇ ಬರೆದರೂ ಮೊದಲು ನನಗೆ ತೋರಿಸುತ್ತಿದ್ದರು. ಚೆನ್ನಾಗಿದೆ ಅಂದರೆ ಒಪ್ಪುತ್ತಿರಲಿಲ್ಲ. "ಅದು ಬಿಡಿ, ಏನು ಕಾಣುತ್ತೆ ಹೇಳಿ" ಅನ್ನುತ್ತಿದ್ದರು.

ಮಂಡ್ಯದಲ್ಲಿ ಶಿಕ್ಷಕರ ಚಿತ್ರಕಲಾ ಪ್ರದರ್ಶನ ಆದ ವರ್ಷ ಮಾತ್ರ ಅವರು ನನಗೆ ತೋರಿಸದೆಯೇ ಚಿತ್ರವೊಂದನ್ನು ಕಳಿಸಿಬಿಟ್ಟರು. ಶಾಲೆಯವರೆಲ್ಲ ನೋಡಲು ಹೋಗಿದ್ದೆವು. ಮುತ್ತತ್ತಿಯ ಹೊಳೆದಂಡೆ. ಬಂಡೆಯ ಮೇಲೆ ಒಬ್ಬ ಗಂಡಸು ಮಂಡಿ ಮಡಚಿ ಕೂತಿದ್ದಾನೆ. ಮೈಯೆಲ್ಲ ಒದ್ದೆ, ಕಣ್ಣು ಮುಚ್ಚಿದ್ದಾನೆ. ಅವನ ಹಿಂದೆ ಇನ್ನೊಬ್ಬ ಬಗ್ಗಿ ನಿಂತು ಟವಲಿನಿಂದ ಅವನ ತಲೆ ಒರೆಸುತ್ತಿದ್ದಾನೆ. ಬಗ್ಗಿದ್ದರಿಂದ ನಿಂತವನ ಮುಖ ಕಾಣುವುದಿಲ್ಲ. ಕಾಣುವುದು ಅವನ ಕೈಗಳು ಮಾತ್ರ, ಬೆರಳುಗಳ ತುದಿಯಲ್ಲಿ ಎಣ್ಣೆಯ ಕಪ್ಪು.

ಜನ ನಿಂತು ನೋಡುತ್ತಿದ್ದರು. ಹಳ್ಳಿಯಿಂದ ಬಂದ ಮುದುಕರೊಬ್ಬರು, "ಜ್ವರ ಬಿಟ್ಟು ಎದ್ದವ್ನೆ ಕಣ್ಲಾ, ತಲೆ ಸೀತ ಆಯ್ತದೆ ಅಂತ ವರುಸ್ತಾವ್ನೆ" ಎಂದು ಜೊತೆಗಾರನಿಗೆ ವಿವರಿಸಿದರು. ಮುಖ್ಯ ಅತಿಥಿಗಳು, ತಂದೆಯ ಅಸ್ಥಿ ಬಿಟ್ಟ ಮೇಲೆ ಅಣ್ಣ ತಮ್ಮನನ್ನು ಸಂತೈಸುತ್ತಿರುವ ಹಾಗಿದೆ ಎಂದು ಭಾಷಣದಲ್ಲೇ ಹೇಳಿದರು. ಪಿ.ಟಿ. ಮೇಷ್ಟ್ರು ನನ್ನ ಪಕ್ಕದಲ್ಲಿ ಮುಸಿಮುಸಿ ನಕ್ಕು, "ಏನು ಅಣ್ಣನೋ ಏನು ತಮ್ಮನೋ" ಅಂದರು. ಅವರ ಕಣ್ಣಿಗೆ ಉಳಿದವರಿಗಿಂತ ಹೆಚ್ಚು ಕಂಡಿತ್ತು, ಆದರೆ ಕಂಡದ್ದಕ್ಕೆ ಅವರ ಬಳಿ ಇದ್ದದ್ದು ನಗು ಒಂದೇ. ಮೇಷ್ಟ್ರು ಚಿತ್ರಕ್ಕೆ ಹೆಸರು ಕೊಟ್ಟಿರಲಿಲ್ಲ. ಹೆಸರಿಲ್ಲದೆ ತೂಗುಹಾಕುವುದಿಲ್ಲ ಎಂದು ಪ್ರದರ್ಶನದವರು ಹೇಳಿದಾಗ ನಮ್ಮ ಹೆಡ್‌ಮಾಸ್ಟರು ತಾವೇ "ಭ್ರಾತೃಪ್ರೇಮ" ಎಂದು ಬರೆಸಿ ಅಂಟಿಸಿದ್ದರು. ಆ ಹೆಸರಿನಲ್ಲೇ ಅದಕ್ಕೆ ಮೊದಲ ಬಹುಮಾನ ಬಂತು. ಶಾಲು ಹೊದೆಸಿಕೊಂಡು ನಿಂತ ಮೇಷ್ಟ್ರು ಯಾರದೋ ಬಹುಮಾನವನ್ನು ಯಾರದೋ ಪರವಾಗಿ ತೆಗೆದುಕೊಳ್ಳುತ್ತಿರುವವರ ಹಾಗೆ ಕಾಣುತ್ತಿದ್ದರು.

ನನಗೆ ಕಂಡದ್ದು ಬೇರೆ. ಮಗು ಹೋದ ಮೇಲೆ ನನ್ನ ಗಂಡ ಮೂರು ತಿಂಗಳು ನನ್ನನ್ನು ಮುಟ್ಟಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ನಾನು ತಲೆಗೆ ನೀರು ಹಾಕಿಕೊಂಡು ಬಂದಾಗ, ಏನೂ ಮಾತಾಡದೆ ಟವಲು ತೆಗೆದುಕೊಂಡು ನನ್ನ ತಲೆ ಒರೆಸಿದ್ದರು. ಆಗ ನಾನು ಕಣ್ಣು ಮುಚ್ಚಿದ್ದೆ. ಬಂಡೆಯ ಮೇಲೆ ಕೂತವನು ಕಣ್ಣು ಮುಚ್ಚಿದ್ದೂ ಹಾಗೆಯೇ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕೂತೆ. ಊರು ದಾಟಿದ ಮೇಲೆ ಕೇಳಿದೆ. "ಇಬ್ಬರಲ್ಲಿ ನೀವು ಯಾರು ಮೇಷ್ಟ್ರೇ?"

ಅವರು ಕಿಟಕಿಯ ಆಚೆ ಕಬ್ಬಿನ ಗದ್ದೆಯತ್ತ ತಿರುಗಿದರು.

"ಕೂತಿರೋನು ನಾನು ಮೇಡಂ."

ಮದ್ದೂರು ಬರುವಷ್ಟರಲ್ಲಿ ಉಳಿದದ್ದನ್ನು ಹೇಳಿದರು. ಹೆಚ್ಚೇನೂ ಹೇಳಲಿಲ್ಲ. ಆತ ಮದ್ದೂರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಒಂಬತ್ತು ವರ್ಷ ಜೊತೆಗಿದ್ದರು, ಜೊತೆಗೆ ಅಂದರೆ ಭಾನುವಾರಗಳಲ್ಲಿ. ಆಮೇಲೆ ಆತನಿಗೆ ಮನೆಯವರು ಮದುವೆ ಮಾಡಿದರು. ಆತ ಮಳವಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟ. ಎರಡು ಹೆಣ್ಣುಮಕ್ಕಳು. "ಒಳ್ಳೇ ಮನುಷ್ಯ ಮೇಡಂ. ಸುಳ್ಳು ಹೇಳೋಕೆ ಬರಲ್ಲ ಅವನಿಗೆ. ಅದಕ್ಕೇ ಬರೋದು ಬಿಟ್ಟ" ಅಂದರು. ಇಳಿಯುವಾಗ, "ಅಷ್ಟು ಜನ ನೋಡಿದ್ರು. ನೀವೊಬ್ಬರು ಕೇಳಿದ್ರಿ" ಅಂದರು. ಅವರ ಮುಖದಲ್ಲಿ ಅಷ್ಟು ನಿರಾಳವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ನಿರಾಳವನ್ನು ಹದಿನೈದೇ ದಿನದಲ್ಲಿ ಕಿತ್ತುಕೊಂಡವಳು ನಾನು.

ಬಹುಮಾನ ಬಂದ ಚಿತ್ರದ ಬಗ್ಗೆ ಒಂದು ಲೇಖನ ಬೇಕೆಂದು ಮಂಡ್ಯದ ಪತ್ರಿಕೆಯೊಂದು ನಮ್ಮ ಹೆಡ್‌ಮಾಸ್ಟರನ್ನು ಕೇಳಿತು. ಅವರು ನನಗೆ ವಹಿಸಿದರು. ಪಿ.ಟಿ. ಮೇಷ್ಟ್ರ ನಗು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಆ ನಗು ಶಾಲೆಯಿಂದ ಊರಿಗೆ, ಊರಿಂದ ಇಲಾಖೆಗೆ ಹೋದರೆ ಗತಿಯೇನು ಅನ್ನಿಸಿತು. ಅದಕ್ಕೆ ಬಾಗಿಲು ಹಾಕಬೇಕೆಂದು ಕೂತು ಬರೆದೆ. ಒಂದೇ ತಾಯಿಯ ಹಾಲು ಕುಡಿದವರ ಮಮತೆ, ಕೂಡುಕುಟುಂಬದ ಸೊಗಸು, ಇಂದಿನ ಅಣ್ಣತಮ್ಮಂದಿರು ಈ ಚಿತ್ರ ನೋಡಿ ಕಲಿಯಬೇಕಾದ ಪಾಠ. ಅರ್ಧ ಪುಟ. ಚಿತ್ರದ ಫೋಟೋ ಸಮೇತ, ಕೆಳಗೆ ನನ್ನ ಹೆಸರಿನೊಂದಿಗೆ ಬಂತು. ಶಾಲೆಯಲ್ಲಿ ಎಲ್ಲರೂ ಹೊಗಳಿದರು.

ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿದರು. "ಭಾಷೆ ಚೆನ್ನಾಗಿದೆ ಮೇಡಂ" ಎಂದು ಪತ್ರಿಕೆ ಮಡಚಿ ನನ್ನ ಮೇಜಿನ ಮೇಲಿಟ್ಟು ಕ್ಲಾಸಿಗೆ ಹೋದರು.

ಸಂಜೆ ಜಗಲಿಯಲ್ಲಿ ಅವರನ್ನು ನಿಲ್ಲಿಸಿದೆ. "ನಿಮ್ಮನ್ನ ಕಾಪಾಡೋಣ ಅಂತ ಹಂಗೆ ಬರೆದೆ."

"ಗೊತ್ತು."

"ಬೇಜಾರಾಯ್ತಾ?"

"ಗೊತ್ತಿಲ್ಲದೋರು ಅಣ್ಣತಮ್ಮ ಅಂದ್ರೆ ನಂಗೆ ಬೇಜಾರಿಲ್ಲ ಮೇಡಂ. ಅವರಿಗೆ ಅಷ್ಟೇ ಕಂಡಿದ್ದು. ನಿಮಗೆ ಕಂಡಿತ್ತಲ್ಲ." ಜಗಲಿಯ ಮೆಟ್ಟಿಲು ಇಳಿಯುತ್ತಾ, "ನೀವು ಬರೀದೆ ಇರಬಹುದಿತ್ತು" ಅಂದರು.

ಕೋಪ ಮಾಡಿಕೊಳ್ಳಲಿಲ್ಲ, ಮಾತು ಬಿಡಲಿಲ್ಲ. ಮೊದಲಿನ ಹಾಗೇ ಟೀ ಕುಡಿಯುವಾಗ ಕರೆಯುತ್ತಿದ್ದರು. ಚಿತ್ರ ತೋರಿಸುವುದನ್ನು ಮಾತ್ರ ನಿಲ್ಲಿಸಿದರು. ಬರೆಯುತ್ತಿದ್ದರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನಿವೃತ್ತಿಯ ದಿನ ಅವರ ಬಗ್ಗೆ ನಾನೇ ಮಾತಾಡಬೇಕಾಗಿ ಬಂತು. ಬಾವಿಯ ಚಿತ್ರದ ಪಾಠವನ್ನು ಹೇಳಿ ಮುಗಿಸಿದೆ. ಹೊಳೆದಂಡೆಯ ಚಿತ್ರದ ಮಾತೇ ಎತ್ತಲಿಲ್ಲ. ಅವರು ಕೈಮುಗಿದರು. ಸರಿಯಾಯಿತು ಅನ್ನುವ ಹಾಗಿತ್ತೋ, ತಡವಾಯಿತು ಅನ್ನುವ ಹಾಗಿತ್ತೋ, ನನಗೆ ತಿಳಿಯಲಿಲ್ಲ.

ನಿವೃತ್ತರಾದ ಮೇಲೆ ಚಿಕ್ಕರಸಿನಕೆರೆ ಹತ್ತಿರದ ಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಹೋದರು. ಎರಡನೇ ವರ್ಷಕ್ಕೆ ಲಕ್ವ ಹೊಡೆದು ಬಲಗೈ ಹೋಯಿತು. ನಾನು ನೋಡಲು ಹೋದಾಗ ಜಗಲಿಯಲ್ಲಿ ಕೂತು ಎಡಗೈಯಲ್ಲಿ ಸ್ಲೇಟಿನ ಮೇಲೆ ಏನೋ ಗೀಚುತ್ತಿದ್ದರು. ನನ್ನತ್ತ ಸ್ಲೇಟು ತಿರುಗಿಸಿದರು. ಸೊಟ್ಟ ವೃತ್ತವೊಂದಿತ್ತು.

"ಏನು... ಕಾಣುತ್ತೆ?" ಮಾತು ತೊದಲುತ್ತಿತ್ತು.

"ಮುದ್ದೆ" ಅಂದೆ.

ಅರ್ಧ ಬಾಯಲ್ಲಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿಂದ ಅಕ್ಕ ಬಂದು, "ನಗ್ಸಿದ್ರಲ್ಲ ಕಣಮ್ಮ, ವರ್ಸಾಯ್ತು ಇವ್ನು ನಕ್ಕು" ಅಂದರು. ಕ್ಷಮೆ ಕೇಳಬೇಕೆಂದೇ ಅವತ್ತು ಅಷ್ಟು ದೂರ ಹೋಗಿದ್ದೆ. ಆ ನಗು ಕೆಡಿಸಲು ಮನಸ್ಸಾಗದೆ ಕೇಳದೇ ಬಂದೆ. ಇನ್ನೊಂದು ಸಲ ಬಂದಾಗ ಕೇಳಿದರಾಯಿತು ಎಂದುಕೊಂಡೆ. ಇನ್ನೊಂದು ಸಲ ನಾನು ಹೋದದ್ದು ಅವರ ಮಣ್ಣಿಗೆ.

ಅಕ್ಕನ ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ಬಂದವರಲ್ಲಿ ಮಳವಳ್ಳಿಯಿಂದ ಯಾರೂ ಇರಲಿಲ್ಲ. ಆ ಮೋಟಾರು ರಿಪೇರಿಯವರಿಗೆ ಹೇಳಬೇಕೆಂದು ನನ್ನ ಬಿಟ್ಟು ಯಾರಿಗೆ ತಾನೇ ಗೊತ್ತಿತ್ತು? ಮರುದಿನ ಬೆಳಿಗ್ಗೆ ನಾನು ಮಳವಳ್ಳಿಯ ಬಸ್ಸು ಹತ್ತಿದೆ. ನನಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಮಾತ್ರ ಗೊತ್ತಿತ್ತು. ಮೋಟಾರು ವೈಂಡಿಂಗಿನ ಎರಡು ಅಂಗಡಿ ನೋಡಿ ಬಂದೆ. ಎರಡರಲ್ಲೂ ಎಳೆಯ ವಯಸ್ಸಿನವರಿದ್ದರು. ಮೂರನೆಯದರ ಮೆಟ್ಟಿಲು ಹತ್ತುವಾಗಲೇ ಕಾಲು ನಿಂತಿತು.

ಎದುರು ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಹಳದಿ ಕಾಗದ. ಹೊಳೆದಂಡೆ, ಬಂಡೆ, ಇಬ್ಬರು. ಕೆಳಗೆ ನನ್ನ ಲೇಖನ, ನನ್ನ ಹೆಸರು.

ಅರವತ್ತರ ಹತ್ತಿರದ ಗಟ್ಟಿ ಆಳು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದರು. "ಏನ್ ಬೇಕಿತ್ತಮ್ಮ?" ಅಂದರು. ಬೆರಳುಗಳ ತುದಿ ಕಪ್ಪಾಗಿತ್ತು.

ನಾನು ಯಾರೆಂದು ಹೇಳಿದೆ. ನೆನ್ನೆ ಬೆಳಿಗ್ಗೆ ಮೇಷ್ಟ್ರು ಹೋದರು ಎಂದು ಹೇಳಿದೆ. ಅವರ ಕೈ ಮಾತ್ರ ಇನ್ನೂ ನಾಲ್ಕು ಸುತ್ತು ಸುತ್ತಿತು, ಆಮೇಲೆ ನಿಂತಿತು.

"ಮಣ್ಣಾಯ್ತಾ?"

"ಆಯ್ತು."

"ಕಾಯಿಲೆ ಇತ್ತಾ?"

"ಒಂದೂವರೆ ವರ್ಷದಿಂದ."

"ಈ ಅದ್ನೈದು ಮೈಲಿ ದೂರ್ದಲ್ಲಿ ಇದ್ದೂ ನಂಗೆ ಗೊತ್ತಾಗ್ನಿಲ್ವಲ್ಲ" ಎಂದು ತಂತಿಯನ್ನು ಬಿಚ್ಚತೊಡಗಿದರು. ಎಷ್ಟು ಸುತ್ತಿದ್ದರೋ ಅಷ್ಟನ್ನೂ ಬಿಚ್ಚಿದರು. ನಾನು ಗೋಡೆ ನೋಡುತ್ತಿದ್ದುದನ್ನು ಕಂಡು ಹೇಳಿದರು. "ನೀವೇ ಅಲ್ವಾ ಅದ್ನ ಬರ್ದಿದ್ದು? ನಿಮಗೆ ಪುಣ್ಯ ಬರ್ಲಿ ಮೇಡಂ. ಅಣ್ಣತಮ್ಮ ಅಂತ ಬರ್ದಿದ್ರಲ್ಲ, ಅದಕ್ಕೇ ಧೈರ್ಯವಾಗಿ ಆಕಂಡೆ. ಎಂಡ್ರು ಮಕ್ಳು ಕೇಳುದ್ರೂ ಓದಿ ತೋರಿಸ್ದೆ. ದಿನಾ ಬಾಗ್ಲು ತೆಗೆದ ತಕ್ಸಣ ನೋಡ್ತೀನಿ."

"ಮೇಷ್ಟ್ರಿಗೆ ಗೊತ್ತಿತ್ತಾ, ಇದು ಇಲ್ಲಿದೆ ಅಂತ?"

"ಇಲ್ಲ. ಯಾವ ಮೊಕ ಇಟ್ಕಂಡು ಏಳ್ಲಿ?"

ಯಾವ ಸುಳ್ಳಿನಿಂದ ಒಬ್ಬರ ಮನಸ್ಸು ಮುರಿದಿದ್ದೆನೋ, ಅದೇ ಸುಳ್ಳಿನ ಮರೆಯಲ್ಲಿ ಇನ್ನೊಬ್ಬರು ಇಷ್ಟು ವರ್ಷ ಆ ಚಿತ್ರವನ್ನು ಕಣ್ಣೆದುರು ಇಟ್ಟುಕೊಂಡಿದ್ದರು. ಮೇಷ್ಟ್ರಿಗೆ ಇದು ತಿಳಿದಿದ್ದರೆ ನನ್ನನ್ನು ಕ್ಷಮಿಸುತ್ತಿದ್ದರೋ ಏನೋ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಸುಖವಾಗುತ್ತಿತ್ತು. ಎರಡೂ ಆಗಲಿಲ್ಲ.

ಮೂರನೆಯ ದಿನ ಹಾಲುತುಪ್ಪ. ಬಿಳಿ ಪಂಚೆ ಉಟ್ಟು ಮಳವಳ್ಳಿಯಿಂದ ಅವರು ಬೈಕಿನಲ್ಲಿ ಬಂದರು. ಹೊಲಕ್ಕೆ ಹೊರಡಲು ಇನ್ನೂ ಹೊತ್ತಿತ್ತು. ಅಕ್ಕ ಅವರನ್ನು ನಡುಮನೆಗೆ ಕರೆದು ಕೂರಿಸಿದರು. ಅಲ್ಲಿ ಗೋಡೆಯ ಮೇಲೆ ಆ ಚಿತ್ರವಿತ್ತು, ಪತ್ರಿಕೆಯ ಮಬ್ಬು ಫೋಟೋ ಅಲ್ಲ, ಮೇಷ್ಟ್ರ ಕೈಯಿಂದ ಬಂದದ್ದು, ಬಣ್ಣದ್ದು. ಅವರು ಹತ್ತಿರ ಹೋಗಿ ನಿಂತರು. ಅಷ್ಟು ಹೊತ್ತೂ ಮೇಷ್ಟ್ರು ಮೇಷ್ಟ್ರು ಎನ್ನುತ್ತಿದ್ದವರು ಈಗ ಏಕವಚನಕ್ಕೆ ಬಂದರು.

"ನಂಗೆ ಮದ್ವೆ ಗೊತ್ ಮಾಡವ್ರೆ ಅಂತ ಅವತ್ತೇ ಏಳಿದ್ದು ಇವನ್ಗೆ. ನೀರಿಂದ ಮೇಲಕ್ಕೆ ಬಂದ್ಮೇಲೆ. ಇವ್ನು ಒಂದ್ ಮಾತೂ ಆಡ್ನಿಲ್ಲ. ಸುಮ್ಕೆ ಕೂತ. ನಾನು ಇಂದೆ ನಿಂತ್ಕಂಡು ವರುಸ್ತಾ ವರುಸ್ತಾ ಅಳ್ತಿದ್ದೆ. ತಿರುಗಿ ನೋಡ್ಲೇ ಇಲ್ಲ. ಗೊತ್ತಾಗ್ಲಿಲ್ಲ ಅನ್ಕಂಡಿದ್ದೆ ಮೇಡಂ ಇಷ್ಟ್ ದಿನ." ಬೆರಳನ್ನು ಚಿತ್ರಕ್ಕೆ ತಾಕಿಸದೆ, ಕೂತವನ ಭುಜದ ಹತ್ತಿರ ಹಿಡಿದರು. "ಇಲ್ ನೋಡಿ."

ಕೂತವನ ಬಲಭುಜದ ಮೇಲೆ, ಉಳಿದ ನೀರ ಹನಿಗಳಿಂದ ದೂರವಾಗಿ, ಎರಡು ಹನಿಗಳಿದ್ದವು. ಹೊಳೆಯ ನೀರಿನ ಹಸಿರು ಅವಕ್ಕಿರಲಿಲ್ಲ. ಅವಕ್ಕೇ ಬೇರೆ ಬಣ್ಣ ಹಾಕಿದ್ದರು, ತಿಳಿಯಾದ ಬಿಳಿ. ಹದಿನಾಲ್ಕು ವರ್ಷ ಜೊತೆಗೆ ಕೂತವಳು ನಾನು, ಬಸ್ಸಿನಲ್ಲಿ ಪ್ರಶ್ನೆ ಕೇಳಿದವಳು ನಾನು, ಅರ್ಧ ಪುಟ ಬರೆದವಳು ನಾನು. ಆ ಹನಿಗಳು ನನಗೆ ಕಂಡಿರಲಿಲ್ಲ. ಆ ಕಣ್ಣೀರು ಸುರಿಸಿದವರನ್ನು ಬಿಟ್ಟು ಬೇರೆ ಯಾರಿಗೂ ಕಾಣುವಂತಿರಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಒತ್ತಾಯ್ತು, ನಡೀರಿ" ಎಂದು ಎಡೆಯ ಬುಟ್ಟಿ ಎತ್ತಿಕೊಂಡರು.

ಹೊಲದಲ್ಲಿ ಹಸಿ ಮಣ್ಣಿನ ಸುತ್ತ ಜನ ನಿಂತರು. ಮೊದಲು ಅಕ್ಕನ ಮಗ ಹಾಲುತುಪ್ಪ ಬಿಟ್ಟ. ಆಮೇಲೆ ದಾಯಾದಿಗಳು, ಆಮೇಲೆ ನೆಂಟರು, ಒಬ್ಬೊಬ್ಬರಾಗಿ. ಮಳವಳ್ಳಿಯವರು ದೂರದಲ್ಲಿ ಬದುವಿನ ಮೇಲೆ ನಿಂತಿದ್ದರು. ಅಕ್ಕ ಅವರತ್ತ ತಿರುಗಿ, "ಬಾಪ್ಪ, ನೀನೂ ಬುಡು ಬಾ" ಎಂದು ಕರೆದರು.

ಕಾರ್ಯ ಮಾಡಿಸುತ್ತಿದ್ದ ಹಿರಿಯರು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ಹೊಸ ಮುಖವನ್ನು ನೋಡಿದರು. "ಇವ್ರು ಏನಾಗ್ಬೇಕು ನಿಮ್ಗೆ?"

ಎಲ್ಲರೂ ತಿರುಗಿ ನೋಡಿದರು. ಅವರು ತಲೆ ತಗ್ಗಿಸಿದರು. ನನ್ನ ನಾಲಿಗೆಯ ತುದಿಗೆ "ಅಣ್ಣನ ಹಾಗೆ" ಎಂಬ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಕ್ಕ ಹೇಳಿದರು.

"ಏನೂ ಆಗ್ಬೇಕಾಗಿಲ್ಲ ಕಣಪ್ಪ. ನನ್ ತಮ್ಮುನ್ಗೆ ಬೇಕಾದೋರು. ಬಟ್ಲು ಕೊಡು ಇತ್ಲಾಗೆ."

ಹಿರಿಯರು ಬಟ್ಟಲು ಕೊಟ್ಟರು. ಬದುವಿನಿಂದ ಇಳಿದು ಬಂದವರು ಅದನ್ನು ತೆಗೆದುಕೊಂಡು ತಲೆಯ ಕಡೆಗೆ ಹೋಗಿ, ಬಿಳಿ ಪಂಚೆಯಲ್ಲೇ ಮಣ್ಣಿನ ಮೇಲೆ ಮಂಡಿಯೂರಿ ಕೂತರು. ಹಾಲನ್ನು ಒಂದೇ ಸಲ ಸುರಿಯಲಿಲ್ಲ. ಬಿಟ್ಟಷ್ಟನ್ನು ಮಣ್ಣು ಹೀರಿಕೊಳ್ಳುವ ತನಕ ಕಾದು, ಮತ್ತಷ್ಟು ಬಿಟ್ಟರು. ಬಿಸಿಲು ಏರುತ್ತಿತ್ತು. ಯಾರೂ ಅವಸರ ಮಾಡಲಿಲ್ಲ.